ಊಟದ ಹೊತ್ತಿಗೆ ತಡವರಿಸುವ ಯಂತ್ರ

ಜರಡಿ ಮೇಡಂ ಎಂದರೆ ಕಂಪ್ಯೂಟರ್ ವಿಜ್ಞಾನದ ವಲಯದಲ್ಲಿ ಗೊತ್ತಿಲ್ಲದವರಿಲ್ಲ. ಆ ಹೆಸರಿಟ್ಟವರು ಅವರ ಕೈಕೆಳಗೆ ಸಂಶೋಧನೆ ಮಾಡಿ ಹೈರಾಣಾದ ವಿದ್ಯಾರ್ಥಿಗಳು. ಯಾರು ಎಂಥ ಪ್ರಬಂಧ ತಂದುಕೊಟ್ಟರೂ ಮೇಡಂ ಅದನ್ನು ಹಿಡಿದು ಅಲ್ಲಾಡಿಸಿ, ಹಿಟ್ಟೆಷ್ಟು ತೌಡೆಷ್ಟು ಎಂದು ಬೇರೆ ಮಾಡಿ ತೋರಿಸಿದ ಮೇಲೆಯೇ ಬಿಡುವರು. ಈ ಸ್ವಭಾವ ಕಾಲೇಜಿನ ಗೇಟಿನ ಹತ್ತಿರ ನಿಂತು ಹಿಂದಿರುಗುವಂಥದ್ದಲ್ಲ, ಮನೆಗೂ ಬರುತ್ತಿತ್ತು. ಅಂಗಡಿಯವನು ‘ಇವತ್ತೇ ಬಂದ ಬ್ರೆಡ್ಡು’ ಎಂದರೆ ತಾರೀಖು ನೋಡುವರು. ತಾರೀಖು ಸರಿಯಾಗಿದ್ದರೆ ಅದು ಮೇಲೆ ಅಂಟಿಸಿದ್ದೋ ಎಂದು ಉಗುರಿನಿಂದ ಕೆರೆದು ನೋಡುವರು. ಕಂಪ್ಯೂಟರ್ ವಿಜ್ಞಾನವನ್ನೇ ಪಾಠ ಮಾಡಿ ನಿವೃತ್ತರಾಗಿದ್ದ ಅವರ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಿದ್ದರು: “ಬೇರೆಯವರು ಹಗ್ಗ ನೋಡಿ ಹಾವು ಅಂತಾರೆ. ನಮ್ಮವಳು ಹಾವು ಬಂದ್ರೂ, ಇದು ನಿಜವಾದ ಹಾವೇನಾ ಅಂತ ಬಾಲ ಎಳೆದು ನೋಡ್ತಾಳೆ.”

ಇಂಥವರನ್ನು ಆ ವರ್ಷ ಪ್ರಶಸ್ತಿ ಸಮಿತಿಗೆ ಹಾಕಿದರು. ಕಂಪ್ಯೂಟರ್ ಸಂಶೋಧನೆಗೆ ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇರಲಿಲ್ಲ. ಬಂದವರ ಹೆಸರಿನ ಹಿಂದೆ ಅದು ಸಾಯುವ ತನಕ ಅಂಟಿಕೊಂಡಿರುತ್ತಿತ್ತು. ಬಾರದವರ ಹೆಸರಿನ ಹಿಂದೆಯೂ ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಮಾತು ಅಂಟಿಕೊಂಡಿರುತ್ತಿತ್ತು. ಯಜಮಾನರಿಗೇ ಒಮ್ಮೆ ಹಾಗೆ ತಪ್ಪಿತ್ತು. ಕೊನೆಯ ಇಬ್ಬರಲ್ಲಿ ಒಬ್ಬರಾಗಿದ್ದರು. ಫೋನು ಬರುತ್ತದೆಂದು ಇಡೀ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದವರು, ಸಂಜೆ ಅದನ್ನು ಕಳಚಿ, ಮಡಚಿಟ್ಟು, ‘ಸೆಕೆ’ ಎಂದಿದ್ದರು. ಅಷ್ಟೇ. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ಮೇಡಮ್ಮೂ ಎತ್ತಲಿಲ್ಲ.

ಈ ಸಲ ಪ್ರಶಸ್ತಿ ಯಾರಿಗೆ ಎಂಬುದು ಸಮಿತಿ ಕೂರುವ ಮೊದಲೇ ಎಲ್ಲರ ಬಾಯಲ್ಲಿತ್ತು. ಆಳು ಸಣ್ಣ, ಮಾತು ಚಿಲಿಪಿಲಿ, ಒಂದು ಕಡೆ ಕೂತವನಲ್ಲ. ಅದಕ್ಕೇ ಅವನನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಎಂಥ ಕೆಟ್ಟ ಕೈಬರಹವನ್ನಾದರೂ ಓದುವ ಪ್ರೋಗ್ರಾಮನ್ನು ಗುಬ್ಬಿ ಬರೆದಿದ್ದ. ನೀರು ಬಿದ್ದು ಹರಡಿದ ಶಾಯಿ, ಗೆದ್ದಲು ತಿಂದ ಅಂಚು, ಬರೆದ ಡಾಕ್ಟರೇ ಎರಡನೇ ಸಲ ಓದಲಾರದ ಔಷಧದ ಚೀಟಿ, ಯಾವುದನ್ನು ಹಾಕಿದರೂ ತಪ್ಪಿಲ್ಲದೆ ಓದುತ್ತದೆ, ಮನುಷ್ಯರ ಕೈ ಸೋಕುವುದೇ ಇಲ್ಲ ಎಂದು ಅವನ ಪ್ರಬಂಧ ಹೇಳುತ್ತಿತ್ತು. ಪತ್ರಿಕೆಗಳಲ್ಲಿ ಅವನ ಫೋಟೋ ಬಂದಾಗಿತ್ತು. ತೀರ್ಪುಗಾರರು ಮನೆಯಿಂದಲೇ ಪರೀಕ್ಷಿಸಲಿ ಎಂದು ಅವನು ಒಂದು ಲಿಂಕನ್ನೂ ಕಳಿಸಿದ್ದ.

ಮೇಡಂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಮೊದಲು ಯಜಮಾನರ ಹಳೆಯ ಟಿಪ್ಪಣಿಯ ಹಾಳೆಯೊಂದರ ಫೋಟೋ ತೆಗೆದು ಹಾಕಿದರು. ಯಜಮಾನರ ಅಕ್ಷರವೋ, ಕೋಳಿ ಕೆದಕಿದ ತಿಪ್ಪೆ. ಯಂತ್ರ ಅದನ್ನು ಗಳಿಗೆಯಲ್ಲಿ ಓದಿ ಅಚ್ಚುಕಟ್ಟಾಗಿ ಟೈಪು ಮಾಡಿಕೊಟ್ಟಿತು. ಯಜಮಾನರು ಕನ್ನಡಕ ಏರಿಸಿಕೊಂಡು ನೋಡಿ, “ಅಯ್ಯೋ, ಈ ಸಾಲಲ್ಲಿ ನಾನು ಏನು ಬರ್ದಿದ್ದೆ ಅಂತ ನಂಗೇ ಗೊತ್ತಿರ್ಲಿಲ್ಲವಲ್ಲೇ!” ಎಂದರು.

ಮೇಡಂ ಬೆರಗಾದರು. ನಿಜಕ್ಕೂ ಸಂತೋಷಪಟ್ಟರು. ಹುಡುಗ ದೊಡ್ಡ ಕೆಲಸ ಮಾಡಿದ್ದಾನೆ ಎಂದುಕೊಂಡು ಇನ್ನಷ್ಟು ಹಾಳೆ ಹಾಕುತ್ತಾ ಹೋದರು. ಬೆಳಗ್ಗೆ ಹಾಕಿದರು, ಸಂಜೆ ಹಾಕಿದರು, ಮರುದಿನ ನಡು ಮಧ್ಯಾಹ್ನ ಹಾಕಿದರು. ಮಧ್ಯಾಹ್ನ ಹಾಕಿದಾಗ ಯಂತ್ರ ತಡವರಿಸಿತು. ಅದರ ಮರುದಿನ ಮಧ್ಯಾಹ್ನವೂ ಹಾಗೇ. ಉತ್ತರ ಬಂತು, ಸರಿಯಾಗಿಯೇ ಬಂತು. ಆದರೆ ಅಷ್ಟರಲ್ಲಿ ಮೇಡಂ ಕುಕ್ಕರಿನ ಮುಚ್ಚಳ ತೆಗೆದು, ಬಡಿಸಿ, ಅರ್ಧ ಊಟ ಮುಗಿಸಿದ್ದರು.

“ರೀ, ಇದು ಊಟದ ಹೊತ್ತಿಗೆ ನಿಧಾನ ಆಗುತ್ತೆ.”

“ಪಾಪ, ಹೊಟ್ಟೆ ಹಸಿದಿರಬೇಕು.”

“ತಮಾಷೆ ಅಲ್ಲ. ನಿನ್ನೇನೂ ಹೀಗೇ ಆಯ್ತು.”

“ಆ ಹೊತ್ತಲ್ಲಿ ಊರೆಲ್ಲ ಮೊಬೈಲ್ ಹಿಡ್ಕೊಂಡು ಕೂತಿರುತ್ತೆ ಕಣೇ. ನೆಟ್ಟು ನಿಧಾನ ಇರುತ್ತೆ.”

ಮೇಡಂ ನೆಟ್ಟನ್ನು ಪರೀಕ್ಷಿಸಿದರು. ಅದು ಚುರುಕಾಗಿಯೇ ಇತ್ತು. ಭಾನುವಾರ ಪ್ರಯತ್ನಿಸಿದರೆ, ‘ದುರಸ್ತಿ ನಡೆಯುತ್ತಿದೆ, ಸೋಮವಾರ ಬನ್ನಿ’ ಎಂಬ ಸಾಲು ಕಂಡಿತು. ಹಸಿಯುವ ಯಂತ್ರವನ್ನು ಹೇಗೋ ಒಪ್ಪಬಹುದು, ವಾರದ ರಜೆ ತೆಗೆದುಕೊಳ್ಳುವ ಯಂತ್ರವನ್ನು ಮೇಡಂ ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ತಲೆಯೊಳಗೆ ಹುಳ ಬಿತ್ತು. ಬಿದ್ದ ಹುಳ ಸುಮ್ಮನಿರುವ ಜಾತಿಯದ್ದಲ್ಲ.

ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿದರು. ಅಧ್ಯಕ್ಷರು ಮೇಡಂಗೆ ಒಂದು ಕಾಲದಲ್ಲಿ ಪಾಠ ಹೇಳಿದವರು, ಈಗ ಬಿಳಿ ಮೀಸೆಯ ದೊಡ್ಡ ಮನುಷ್ಯರು. ಶಿಷ್ಯೆಯ ಮಾತು ಕೇಳಿ ದೊಡ್ಡದಾಗಿ ನಕ್ಕರು.

“ನೋಡಮ್ಮ, ಸಲಿಗೆಯಿಂದ ಹೇಳ್ತೀನಿ. ಮೊಸರಲ್ಲಿ ಕಲ್ಲು ಹುಡುಕ್ಬೇಡ.”

“ಕಲ್ಲು ಸಿಕ್ಕಿಬಿಟ್ರೆ ಏನ್ಮಾಡೋದು ಸರ್?”

“ಸಿಕ್ರೆ ನುಂಗಿಬಿಡು. ಶುಕ್ರವಾರ ಸಭೆ, ಸಮಾರಂಭಕ್ಕೆ ಹಾಲ್ ಗೊತ್ತು ಮಾಡಿ ಆಗಿದೆ. ಪ್ರಶಸ್ತಿಗೆ ದುಡ್ಡು ಕೊಡೋರ ಹತ್ರ ನಾನು ಆ ಹುಡುಗನ ಹೆಸರು ಹೇಳಿಯೂ ಆಗಿದೆ.”

“ಸಭೆಗೆ ಮುಂಚೇನೇ ಹೇಳಿಬಿಟ್ರಾ?”

“ಹೇಳ್ದೇ ಇದ್ರೆ ಅವರಿಗೆ ಗೊತ್ತಾಗಲ್ವಾ? ಊರಿಗೆಲ್ಲಾ ಗೊತ್ತು.”

“ಹಾಗಾದ್ರೆ ನಾನೊಂದ್ಸಲ ಅವನ ಲ್ಯಾಬಿಗೆ ಹೋಗಿ ಬರ್ತೀನಿ. ನಿಯಮದಲ್ಲಿ ಅವಕಾಶ ಇದೆಯಲ್ಲ.”

ಆ ಕಡೆಯ ನಗು ತಟ್ಟನೆ ನಿಂತಿತು. “ಹೋಗೋದೇನೂ ಬೇಡ. ಅಲ್ಲೇನಿದೆ ನೋಡೋಕೆ? ನಾಲ್ಕು ಪೆಟ್ಟಿಗೆ, ಎರಡು ಫ್ಯಾನು.”

ಫೋನು ಇಟ್ಟ ಮೇಲೆ ಮೇಡಂ ಅದನ್ನೇ ನೋಡುತ್ತಾ ಕೂತರು. ನೋಡಲು ಏನೂ ಇಲ್ಲದ ಜಾಗಕ್ಕೆ ಹೋಗಬೇಡ ಎನ್ನಲು ಇಷ್ಟು ಅವಸರ ಯಾಕೆ?

ಅಂದು ಸಂಜೆ ಇನ್ನೊಂದಾಯಿತು. ಇಬ್ಬರೂ ಸೋಫಾದಲ್ಲಿ ಕೂತು ಟೀವಿ ನೋಡುತ್ತಿದ್ದಾಗ ಯಜಮಾನರ ಫೋನು ಬಡಿದುಕೊಂಡಿತು. ಅವರು ಹೆಸರು ನೋಡಿದರು, ಎದ್ದರು, ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಯಜಮಾನರು ಫೋನಿನಲ್ಲಿ ಮಾತಾಡಿದರೆ ಕೆಳಗಿನ ಮನೆಯವರು ‘ಆಮೇಲೇನಾಯ್ತು ಸರ್?’ ಎಂದು ಕೇಳುವಷ್ಟು ಗಂಟಲು. ಅಂಥವರು ಈಗ ಪಿಸುಗುಟ್ಟುತ್ತಿದ್ದರು. ಒಳಗೆ ಬಂದಾಗ ಮೇಡಂ ಕೇಳಿದರು:

“ಯಾರು?”

“ಹಳೇ ಸ್ನೇಹಿತ. ಮೊಣಕಾಲು ನೋವಂತೆ.”

“ಯಾವ ಸ್ನೇಹಿತ?”

“ನಿಂಗೆ ಗೊತ್ತಿಲ್ಲ ಬಿಡು.”

ಮದುವೆಯಾಗಿ ಇಷ್ಟು ವರ್ಷಕ್ಕೆ ತಮಗೆ ಗೊತ್ತಿಲ್ಲದ, ಮೊಣಕಾಲು ನೋಯುವ ಸ್ನೇಹಿತ ಎಲ್ಲಿಂದ ಹುಟ್ಟಿದ? ಮರುದಿನವೂ ಫೋನು ಬಂತು, ಮತ್ತೆ ಬಾಲ್ಕನಿ. ಅದರ ಮರುದಿನವೂ ಹಾಗೇ. ಮೇಡಂ ಗಂಡನ ತಟ್ಟೆಗೆ ಸಾರು ಬಡಿಸುವಾಗ ಸೌಟು ತುಸು ಜೋರಾಗಿಯೇ ತಗುಲಿತು.

ಗುರುವಾರ ಮೇಡಂ ಯಾರಿಗೂ ಹೇಳದೆ ಗುಬ್ಬಿಯ ಪ್ರಯೋಗಾಲಯಕ್ಕೆ ಹೋದರು. ದೊಡ್ಡ ಕಟ್ಟಡ, ಮೂರನೇ ಮಹಡಿ, ಹೊಸ ಬಣ್ಣದ ವಾಸನೆ ಇನ್ನೂ ಆರದ ಉದ್ದನೆಯ ಕಾರಿಡಾರು. ಬಾಗಿಲು ತೆರೆದ ಗುಬ್ಬಿಯ ಮುಖದಲ್ಲಿ ಬಣ್ಣ ಹೋಗಿ ಬಣ್ಣ ಬಂತು.

“ಮೇಡಂ! ಒಂದು ಮಾತು ಹೇಳಿದ್ರೆ ನಾನೇ ಕಾರು ಕಳಿಸ್ತಿದ್ದೆ. ಬನ್ನಿ, ಕೂತ್ಕೊಳ್ಳಿ. ಟೀ? ಕಾಫಿ?”

“ಏನೂ ಬೇಡಪ್ಪ. ನಿನ್ನ ಯಂತ್ರ ನೋಡೋಕೆ ಬಂದೆ.”

ಗುಬ್ಬಿ ಚಿಲಿಪಿಲಿಗುಟ್ಟುತ್ತಾ ಎಲ್ಲ ತೋರಿಸಿದ. ಗಾಜಿನ ಗೋಡೆಯ ಹಿಂದೆ ಕಪ್ಪು ಪೆಟ್ಟಿಗೆಗಳು ಸಾಲಾಗಿ ನಿಂತು ಹಸಿರು ದೀಪ ಮಿಟುಕಿಸುತ್ತಿದ್ದವು. ಇತ್ತ ಒಂದು ಮೇಜು, ಹಾಳೆಯನ್ನು ಸ್ಕ್ಯಾನ್ ಮಾಡುವ ಉಪಕರಣ, ದೊಡ್ಡ ಪರದೆ. ಮೇಡಂ ಎಲ್ಲವನ್ನೂ ತಲೆಯಾಡಿಸುತ್ತಾ ನೋಡಿದರು. ಆದರೆ ಅವರ ಕಣ್ಣು ಹೋದದ್ದು ಮೂಲೆಯ ಬಾಗಿಲಿನ ಮೇಲೆ. ಬಾಗಿಲಿಗೆ ‘ಸ್ಟೋರ್ ರೂಂ’ ಎಂಬ ಫಲಕ. ಬಾಗಿಲ ಪಕ್ಕದಲ್ಲಿ ಹೆಂಗಸರ ಚಪ್ಪಲಿಗಳ ಸಾಲು, ಮಡಚಿಟ್ಟ ಒಂದು ಕೊಡೆ.

ಸ್ಟೋರ್ ರೂಮಿನೊಳಗೆ ಚಪ್ಪಲಿ ಬಿಟ್ಟು ಹೋಗುವಷ್ಟು ಹೊತ್ತು ಯಾರಿಗೆ ಏನು ಕೆಲಸ?

ಬೆಳಗಿನ ಹೊತ್ತಿನಲ್ಲಿ ಯಂತ್ರ ಪಟಪಟನೆ ಓದಿತು. ಮೇಡಂ ತಂದಿದ್ದ ಹಾಳೆಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಮಧ್ಯಾಹ್ನವಾಗುತ್ತಿದ್ದಂತೆ ಗುಬ್ಬಿ ಕೈ ಹೊಸೆಯತೊಡಗಿದ.

“ಮೇಡಂ, ಕೆಳಗೆ ಕ್ಯಾಂಟೀನಿದೆ. ಊಟಕ್ಕೆ ಹೋಗಿ ಬರೋಣ.”

“ನಾನು ಡಬ್ಬಿ ತಂದಿದ್ದೀನಿ. ಇಲ್ಲೇ ತಿಂತೀನಿ. ನೀನು ಹೋಗಿ ಬಾ.”

ಗುಬ್ಬಿ ಹೋಗಲಿಲ್ಲ. ಮೇಡಂ ಡಬ್ಬಿಯನ್ನೂ ತೆರೆಯಲಿಲ್ಲ. ಹಾಳೆ ಹಾಕಿದರು. ಯಂತ್ರ ತಡವರಿಸಿತು. ಇನ್ನೊಂದು ಹಾಕಿದರು. ಇನ್ನೂ ತಡವಾಯಿತು. “ಈ ಹೊತ್ತಲ್ಲಿ ಸರ್ವರ್ ಮೇಲೆ ಭಾರ ಜಾಸ್ತಿ ಮೇಡಂ” ಎಂದ ಗುಬ್ಬಿ, ಹಣೆ ಒರೆಸಿಕೊಳ್ಳುತ್ತಾ. ಕೋಣೆಯಲ್ಲಿ ಏಸಿ ಗಡಗಡ ನಡುಗಿಸುತ್ತಿತ್ತು.

ಮೇಡಂ ಬ್ಯಾಗಿನಿಂದ ಖಾಲಿ ಹಾಳೆಯೊಂದನ್ನು ತೆಗೆದರು. ಗುಬ್ಬಿಗೆ ಬೆನ್ನು ತಿರುಗಿಸಿ, ಪೆನ್ನನ್ನು ಎಡಗೈಯಲ್ಲಿ ಹಿಡಿದು, ಸೊಟ್ಟಸೊಟ್ಟಗೆ ನಾಲ್ಕೈದು ಸಾಲು ಗೀಚಿದರು. ಅದು ಯಜಮಾನರು ಸಿಕ್ಕಿದ ಸಮಾರಂಭದಲ್ಲೆಲ್ಲ ಹೇಳಿ ಹೇಳಿ ಸವೆಸಿದ ಜೋಕು:

‘ಒಬ್ಬ ಡಾಕ್ಟರ ಹತ್ತಿರ ಹೋಗಿ, ಮನೆಗೆ ಹೋದ ಕೂಡಲೇ ನನಗೆ ಕಿವಿ ಕೇಳಿಸುವುದಿಲ್ಲ ಎಂದ. ಎಂದಿನಿಂದ ಎಂದರು ಡಾಕ್ಟರು. ಮದುವೆಯಾದಾಗಿನಿಂದ ಎಂದ. ಹೆದರಬೇಡಿ, ವಾಸಿ ಮಾಡೋಣ ಎಂದರು. ಅಯ್ಯೋ, ವಾಸಿ ಮಾಡಬೇಡಿ ಸ್ವಾಮಿ, ಹೀಗೇ ಉಳಿಯುವುದಕ್ಕೆ ಏನಾದರೂ ಮಾತ್ರೆ ಕೊಡಿ ಎಂದ.’

ಹಾಳೆಯನ್ನು ಸ್ಕ್ಯಾನಿಗೆ ಕೊಟ್ಟು, ಕೈಕಟ್ಟಿ ಕೂತರು. ಪರದೆ ಖಾಲಿಯಾಗಿತ್ತು. ಗುಬ್ಬಿ ಪರದೆಯನ್ನೇ ನೋಡುತ್ತಿದ್ದ. ಮೇಡಂ ಸ್ಟೋರ್ ರೂಮಿನ ಬಾಗಿಲನ್ನು ನೋಡುತ್ತಿದ್ದರು.

ಮೊದಲು ಯಾರೋ ಮೂಗಿನಲ್ಲಿ ತಡೆಹಿಡಿದ ಹಾಗೆ ಸಣ್ಣದೊಂದು ಸದ್ದು. ಆಮೇಲೆ ಕಟ್ಟೆ ಒಡೆದ ಹಾಗೆ ಹೆಂಗಸೊಬ್ಬಳ ನಗು. ಅವಳು ಏನನ್ನೋ ಓದಿ ಹೇಳಿರಬೇಕು, ಮರುಕ್ಷಣ ಇನ್ನೂ ನಾಲ್ಕೈದು ಜನ ಬಿದ್ದು ಬಿದ್ದು ನಕ್ಕರು. ಪರದೆಯ ಮೇಲೆ ಇನ್ನೂ ಒಂದಕ್ಷರವೂ ಮೂಡಿರಲಿಲ್ಲ. ಯಂತ್ರ ಓದುವುದಕ್ಕೆ ಮುಂಚೆ ಗೋಡೆ ನಕ್ಕಿತ್ತು.

ಮೇಡಂ ಎದ್ದರು.

“ಮೇಡಂ, ಅದು ಸ್ಟೋರು... ಧೂಳು... ನಿಮಗೆ ಅಲರ್ಜಿ ಗಿಲರ್ಜಿ...” ಎಂದು ಗುಬ್ಬಿ ಅಡ್ಡ ಬಂದ. ಮೇಡಂ ಬಾಗಿಲು ತಳ್ಳಿದರು.

ಒಳಗೆ ಧೂಳಿನ ಸುಳಿವಿರಲಿಲ್ಲ. ಸಾಲಾಗಿ ಕಂಪ್ಯೂಟರುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಅರ್ಧ ಜನರ ಮುಂದೆ ಊಟದ ಡಬ್ಬಿ ತೆರೆದಿತ್ತು. ಉಳಿದವರು ಅವರ ಪಾಲಿನದನ್ನೂ ಸೇರಿಸಿ ಟೈಪು ಮಾಡುತ್ತಿದ್ದರು. ಕಿಟಕಿಯ ಪಕ್ಕದವಳು ಇನ್ನೂ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪರದೆಯ ಮೇಲೆ ಮೇಡಂ ಗೀಚಿದ ಹಾಳೆ.

“ಇದನ್ನ ಬರೆದೋರು ನೀವೇನಾ?” ಎಂದಳು ಅವಳು, ಬಂದವರು ಯಾರೆಂದು ತಿಳಿಯದೆ. “ಅಕ್ಷರ ದೇವರಿಗೇ ಪ್ರೀತಿ. ಆದ್ರೆ ಅಮ್ಮಾ, ನಮ್ಮನೇಲೂ ಒಬ್ಬರಿಗೆ ಇದೇ ಕಾಯಿಲೆ!”

ಸುತ್ತಲಿನವರು ಮತ್ತೆ ನಕ್ಕರು. ಬಾಗಿಲಲ್ಲಿ ನಿಂತ ಗುಬ್ಬಿಯ ಮುಖ ನೋಡಿದ ಮೇಲೆ ನಗು ಒಂದೊಂದಾಗಿ ಅಡಗಿತು.

“ನಿಮ್ಮ ಕೆಲಸ ಏನಮ್ಮ ಇಲ್ಲಿ?” ಮೇಡಂ ಕೇಳಿದರು.

“ಯಂತ್ರಕ್ಕೆ ತಿಳೀದೇ ಇರೋ ಮಾತಿದ್ರೆ ಆ ಹಾಳೆ ನಮ್ಮ ಕಡೆ ಬರುತ್ತೆ. ಓದಿ ಟೈಪ್ ಮಾಡಿ ಕಳಿಸ್ತೀವಿ. ಅದು ನೋಡಿ ಕಲಿಯುತ್ತಂತೆ. ಸರ್ ಹೇಳಿದ್ರು, ನಾವೆಲ್ಲ ಅದರ ಟೀಚರ್ಸ್ ಅಂತ.” ಅವಳ ದನಿಯಲ್ಲಿ ಹೆಮ್ಮೆಯಿತ್ತು. ತಾವು ಟೈಪು ಮಾಡಿದ್ದು ನೇರವಾಗಿ ಯಂತ್ರದ ಉತ್ತರವಾಗಿ ಹೊರಗೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮೇಡಂ ಬಾಗಿಲು ಮುಚ್ಚಿಕೊಂಡು ಹೊರಗೆ ಬಂದರು. ಗುಬ್ಬಿ ಕುರ್ಚಿಯಲ್ಲಿ ಕುಸಿದಿದ್ದ. ಅವನ ಚಿಲಿಪಿಲಿಯೆಲ್ಲ ಅಡಗಿ ಹೋಗಿತ್ತು.

“ಆ ಕೋಣೆಗೆ ಹೋಗೋ ದಾರಿ ಮುಚ್ಚು. ಯಂತ್ರ ಒಂದೇ ಓದಲಿ. ನಾನು ನೋಡ್ಬೇಕು.”

“ಬೇಡ ಮೇಡಂ...”

“ಮುಚ್ಚಪ್ಪ.”

ಗುಬ್ಬಿ ಕೀಲಿಮಣೆ ಎಳೆದುಕೊಂಡು ಏನೋ ಒತ್ತಿದ. ಮೇಡಂ ತಂದ ಹಾಳೆಗಳನ್ನೆಲ್ಲ ಮತ್ತೆ ಮೊದಲಿಂದ ಹಾಕಿದರು. ಈ ಸಲ ತಡವರಿಕೆ ಇರಲಿಲ್ಲ. ನಡುನಡುವೆ ಖಾಲಿ ಜಾಗ ಬಿಟ್ಟು, ಕೆಲವು ಕಡೆ ಎಡವಿ, ಯಂತ್ರ ತನ್ನ ಪಾಡಿಗೆ ತಾನು ಓದಿತು. ಮೇಡಂ ಒಂದೊಂದನ್ನೂ ಮೂಲ ಹಾಳೆಯ ಪಕ್ಕಕ್ಕಿಟ್ಟು ನೋಡಿದರು. ಹತ್ತು ಮಾತಿನಲ್ಲಿ ಏಳು ಸರಿ. ನಂಬದೆ ಇನ್ನೊಂದು ಸಲ ನೋಡಿದರು. ಏಳೇ. ಇಂಥ ಕೆಟ್ಟ ಬರಹದಲ್ಲಿ ಇದುವರೆಗೆ ಯಾರ ಪ್ರೋಗ್ರಾಮೂ ಅರ್ಧ ದಾಟಿರಲಿಲ್ಲ. ಮೇಡಂಗೆ ಕೋಪ ಉಕ್ಕಿತು. ಮೋಸ ಕಂಡಾಗ ಬರದಿದ್ದ ಕೋಪ ಈಗ ಬಂತು.

“ಅಲ್ಲೋ ಹುಚ್ಚಪ್ಪ, ಇದನ್ನೇ ಇದ್ದ ಹಾಗೆ ಹೇಳಿದ್ರೂ ಪ್ರಶಸ್ತಿ ನಿಂಗೇ ಬರ್ತಿತ್ತಲ್ಲೋ!”

ಗುಬ್ಬಿ ತಲೆ ಎತ್ತಲಿಲ್ಲ. “ದೊಡ್ಡವರ ಮುಂದೆ ಮೊದಲನೇ ಸಲ ತೋರಿಸೋ ದಿನ ಯಂತ್ರ ಕೈ ಕೊಡ್ತಿತ್ತು ಮೇಡಂ. ಆ ಒಂದು ದಿನಕ್ಕೆ ಅಂತ ಒಬ್ಬರನ್ನ ಒಳಗೆ ಕೂರಿಸ್ದೆ. ಎಲ್ಲಾ ಸರಿ ಬಂತು, ಚಪ್ಪಾಳೆ ಹೊಡೆದ್ರು. ಹತ್ತಕ್ಕೆ ಹತ್ತು ಅಂತ ಬಾಯಿಂದ ಬಂದುಬಿಡ್ತು. ಆಮೇಲೆ ಏಳು ಅನ್ನೋಕೆ ನಾಲಿಗೆ ಹೊರಳಲೇ ಇಲ್ಲ.”

“ಅಧ್ಯಕ್ಷರಿಗೆ ಗೊತ್ತಾ?”

“ಒಂದ್ಸಲ ಬಂದಿದ್ರು. ಆ ಬಾಗಿಲು ಯಾವುದು ಅಂದ್ರು. ಸ್ಟೋರು ಅಂದೆ. ಚಪ್ಪಲಿ ಕಡೆ ನೋಡಿದ್ರು. ಆಮೇಲೆ ಇನ್ನೇನೂ ಕೇಳಲಿಲ್ಲ.”

ಬಸ್ಸಿನಲ್ಲಿ ಮನೆಗೆ ಬರುವಾಗ ಮೇಡಂ ತಲೆಯಲ್ಲಿ ಆ ಕೊನೆಯ ಮಾತೇ ಕೊರೆಯುತ್ತಿತ್ತು. ಗೊತ್ತಿಲ್ಲದಿರುವುದು ಬೇರೆ, ಗೊತ್ತಾಗದಿರಲಿ ಎಂದು ಕೇಳದಿರುವುದು ಬೇರೆ. ಮನೆಯ ಬಾಗಿಲು ತೆಗೆದರೆ ಯಜಮಾನರು ಬಾಲ್ಕನಿಯಲ್ಲಿದ್ದರು, ಕಿವಿಗೆ ಫೋನು. ಮೇಡಂ ಗಾಜಿನ ಬಾಗಿಲು ಸರಿಸಿ ಎದುರಿಗೇ ಹೋಗಿ ನಿಂತರು. ಯಜಮಾನರು ‘ಆಮೇಲೆ ಮಾಡ್ತೀನಿ ಸರ್’ ಎಂದು ಫೋನು ಇಟ್ಟರು.

“ಮೊಣಕಾಲು ನೋವಿನ ಸ್ನೇಹಿತನಿಗೆ ಸರ್ ಅಂತೀರಾ?”

ಯಜಮಾನರು ಕುರ್ಚಿಯಲ್ಲಿ ಕೂತರು. ಸುಳ್ಳು ಹೇಳಿ ರೂಢಿಯಿಲ್ಲದವರು. ಹೇಳಿದ ಒಂದೇ ಸುಳ್ಳನ್ನು ಮೂರು ದಿನ ಹೊತ್ತು ದಣಿದಿದ್ದರು.

“ಅಧ್ಯಕ್ಷರು. ಮುಂದಿನ ವರ್ಷದಿಂದ ಹಿರಿಯರಿಗೆ ಅಂತ ಬೇರೆ ಗೌರವ ಶುರು ಮಾಡ್ತಾರಂತೆ. ಮೊದಲನೇದಕ್ಕೆ ನನ್ನ ಹೆಸರು ಮನಸ್ಸಲ್ಲಿದೆ ಅಂದ್ರು.”

“ಅದಕ್ಕೆ?”

“ನಿನ್ನನ್ನ ಸ್ವಲ್ಪ ಸಮಾಧಾನ ಮಾಡು ಅಂದ್ರು. ಲ್ಯಾಬಿಗೆ ಹೋಗೋದು ಗೀಗೋದು ಬೇಡ ಅಂತ.”

“ನೀವೇನಂದ್ರಿ?”

“ಏನೂ ಅನ್ನಲಿಲ್ಲ.”

“ಏನೂ ಅನ್ನದೇ ಇರೋಕೆ ದಿನಾ ಬಾಲ್ಕನಿಗೆ ಬರ್ಬೇಕಿತ್ತಾ?”

ಯಜಮಾನರು ಎದುರಿನ ಕಟ್ಟಡದ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ನೋಡುತ್ತಾ ಹೇಳಿದರು, “ಆಸೆ ಆಯ್ತು ಕಣೇ. ಹೂಂ ಅನ್ನೋಕೆ ಮನಸ್ಸು ಬರಲಿಲ್ಲ. ಊಹೂಂ ಅನ್ನೋಕೂ ಬರಲಿಲ್ಲ. ನೀನು ಹೋಗಬೇಡ ಅಂತ ನಾನು ಹೇಳಿದ್ನಾ, ಹೇಳು?”

ಹೇಳಿರಲಿಲ್ಲ, ನಿಜ. ಆದರೂ ಮೇಡಂಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಹೊರಗಿನವರ ಮೇಲೆಲ್ಲ ಅನುಮಾನ ಪಡಲು ಬಲ ಬರುತ್ತಿದ್ದದ್ದು, ಅನುಮಾನ ಪಡಬೇಕಿಲ್ಲದ ಮನುಷ್ಯನೊಬ್ಬ ಮನೆಯಲ್ಲಿದ್ದಾನೆ ಎಂಬ ಧೈರ್ಯದಿಂದ. ಮೇಡಂ ಒಳಗೆ ಹೋಗಿ ಮುಖ ತೊಳೆದುಕೊಂಡರು. ಹೊರಗೆ ಬಂದಾಗ ಯಜಮಾನರು ಎರಡು ಲೋಟ ಚಹಾ ಮಾಡಿ ಮೇಜಿನ ಮೇಲಿಟ್ಟು ಕಾಯುತ್ತಿದ್ದರು.

“ಏನು ನೋಡ್ದೆ ಅಲ್ಲಿ? ಹೇಳು.”

ಮೇಡಂ ಮೊದಲು ಬಿಗಿದ ಮುಖದಲ್ಲೇ ಹೇಳತೊಡಗಿದರು. ಚಪ್ಪಲಿಗಳು, ಎಡಗೈ ಬರಹ, ಗೋಡೆಯ ಆಚೆಯ ನಗು. ಯಜಮಾನರು ಲೋಟ ಕೆಳಗಿಟ್ಟರು.

“ತಡಿ. ಅವರು ನಕ್ಕಿದ್ದು ನನ್ನ ಜೋಕಿಗಾ? ಕಿವಿ ಕೇಳಿಸದವನ ಜೋಕಿಗಾ?”

“ಹೂಂ.”

“ಎಲ್ಲರೂ?”

“ಒಬ್ಬಳಂತೂ ಕಣ್ಣಲ್ಲಿ ನೀರು ಬರೋ ಹಾಗೆ.”

“ನೀನು ಇಷ್ಟು ವರ್ಷದಲ್ಲಿ ಅದಕ್ಕೊಂದು ದಿನ ನಗಲಿಲ್ಲ” ಎಂದರು ಯಜಮಾನರು. ಆಮೇಲೆ ಫೋನು ಎತ್ತಿಕೊಂಡು, ಸ್ವಂತ ಗಂಟಲಿನಲ್ಲಿ, ಕೆಳಗಿನ ಮನೆಯವರಿಗೂ ಕೇಳಿಸುವಂತೆ ಮಾತಾಡಿದರು: “ಸರ್, ಆ ಹಿರಿಯರ ಗೌರವದ ವಿಷಯ. ನನ್ನ ಹೆಸರು ಬೇಡ. ಇಲ್ಲ ಸರ್, ಅವಳು ಹೇಳಿಕೊಟ್ಟಿದ್ದಲ್ಲ. ಅವಳು ನನ್ನ ಹತ್ರ ಮಾತೇ ಬಿಟ್ಟಿದ್ದಾಳೆ.”

ಮೇಡಂ ಚಹಾ ಕುಡಿದರು. ಯಜಮಾನರು ಹೇಳಿದ್ದು ಸುಳ್ಳಾಗಬಾರದೆಂದು ಆ ರಾತ್ರಿಯ ಊಟದವರೆಗೆ ನಿಜವಾಗಿಯೇ ಮಾತು ಬಿಟ್ಟರು.

ಶುಕ್ರವಾರ ಸಭೆ ಸೇರಿತು. ಮೇಡಂ ತಾವು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಅಧ್ಯಕ್ಷರು ಮೀಸೆ ನೀವಿಕೊಂಡರು.

“ನಗು ಕೇಳಿಸ್ತು ಅನ್ನೋದು ಒಂದು ಸಾಕ್ಷಿನಾಮ್ಮ? ಅಲ್ಲಿ ಕೂತಿರೋರು ತಪ್ಪು ತಿದ್ದೋರು ಇರಬಹುದು. ಎಲ್ಲಾ ಲ್ಯಾಬಲ್ಲೂ ಇರ್ತಾರೆ.”

“ಹಾಗಂತ ಪ್ರಬಂಧದಲ್ಲಿ ಬರೀಬೇಕಿತ್ತು. ಮನುಷ್ಯರ ಕೈ ಸೋಕಿಲ್ಲ ಅಂತ ಬರೆದಿದ್ದಾನೆ ಸರ್.”

ಮೇಜಿನ ಆ ತುದಿಯಲ್ಲಿದ್ದ ಸದಸ್ಯರೊಬ್ಬರು ಕೆಮ್ಮಿದರು. “ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಈ ಪ್ರಶಸ್ತಿ ಒಂದ್ಸಲ ನಿಮ್ಮ ಮನೆಯವರಿಗೆ ತಪ್ಪಿತ್ತಲ್ವಾ? ಆ ನೋವು ಏನಾದ್ರೂ...”

ಮೇಡಂ ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಇಡೀ ಜೀವಮಾನ ಬೇರೆಯವರನ್ನು ಜರಡಿಗೆ ಹಾಕಿದವರು. ಈಗ ತಾವೇ ಜರಡಿಯಲ್ಲಿ ಬಿದ್ದಿದ್ದರು. ಎಲ್ಲರ ಕಣ್ಣೂ ತಮ್ಮ ಮೇಲಿತ್ತು, ಮತ್ತು ಆ ಕಣ್ಣುಗಳಲ್ಲಿದ್ದದ್ದು ಯಾವ ನೋಟವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅಧ್ಯಕ್ಷರು ಪಾಪ ಎನ್ನುವ ಹಾಗೆ ತಲೆಯಾಡಿಸಿದ್ದನ್ನು ಕಂಡಾಗ ಮಾತು ಬಂತು.

“ನಮ್ಮ ಮನೆಯವರಿಗೆ ಈ ವಾರ ದಿನಾ ಫೋನು ಬರ್ತಿತ್ತು. ಯಾರು ಮಾಡಿದ್ರು, ಏನು ಹೇಳಿದ್ರು ಅಂತ ಇಲ್ಲಿ ಹೇಳಲಾ ಸರ್? ಬೇಡ್ವಾ?”

ಅಧ್ಯಕ್ಷರು ನೀರಿನ ಲೋಟಕ್ಕೆ ಕೈ ಚಾಚಿದರು. ಲೋಟ ಖಾಲಿಯಿತ್ತು. ಅದನ್ನೇ ತುಟಿಗೆ ಹಿಡಿದು ಕೆಳಗಿಟ್ಟರು.

“ನನ್ನ ಮಾತು ಬಿಡಿ” ಎಂದರು ಮೇಡಂ. “ಆ ಹುಡುಗನನ್ನೇ ಕೇಳಿ.”

ಗುಬ್ಬಿಗೆ ಫೋನು ಮಾಡಿ, ಅದನ್ನು ಮೇಜಿನ ನಡುವೆ ಇಟ್ಟು ಸ್ಪೀಕರಿಗೆ ಹಾಕಿದರು. ಅಧ್ಯಕ್ಷರೇ ಮಾತಾಡಿದರು, ಬೇಕಾದ ಉತ್ತರವನ್ನು ಬಾಯಿಗೇ ಇಡುವ ಹಾಗೆ ಕೇಳಿದರು: “ನೋಡಪ್ಪ, ಆ ಹೆಂಗಸರು ಯಂತ್ರಕ್ಕೆ ಕಲಿಸೋರು ಮಾತ್ರ ಅಲ್ವಾ? ಹೂಂ ಅಂದ್ಬಿಡು, ಸಾಕು.”

ಆ ಹುಡುಗ ‘ಹೂಂ’ ಎಂದುಬಿಟ್ಟರೆ ಎಲ್ಲ ಮುಗಿದಂತೆ ಎಂದು ಮೇಡಂಗೆ ಗೊತ್ತಿತ್ತು. ಅನ್ನುತ್ತಾನೆ ಎಂದೇ ಅವರು ನಂಬಿದ್ದರು. ಅವನ ಜಾಗದಲ್ಲಿ ಯಾರಿದ್ದರೂ ‘ಹೂಂ’ ಎನ್ನುತ್ತಿದ್ದರು.

“ಇಲ್ಲ ಸರ್” ಎಂದಿತು ಗುಬ್ಬಿಯ ದನಿ. “ಮೇಡಂ ಹೇಳಿದ್ದು ನಿಜ. ನನ್ನ ಹೆಸರು ತೆಗೆದುಬಿಡಿ.”

ಪ್ರಶಸ್ತಿ ಎರಡನೇ ಹೆಸರಿನವರಿಗೆ ಹೋಯಿತು. ಗಣಿತದ ಕಡೆಯ ಕೆಲಸ, ಪತ್ರಿಕೆಯವರಿಗೆ ಅರ್ಥವಾಗದ್ದು. ಒಳ ಪುಟದಲ್ಲಿ ಎರಡು ಸಾಲು ಬಂತು. ಗುಬ್ಬಿ ‘ಆರೋಗ್ಯದ ಕಾರಣ’ ಹಿಂದೆ ಸರಿದ ಎಂದು ಅಧ್ಯಕ್ಷರು ಹೇಳಿಕೆ ಕೊಟ್ಟರು. ಜನ ಅದನ್ನು ನಂಬಲಿಲ್ಲ, ಹಾಗೆಂದು ನಿಜವನ್ನೂ ತಿಳಿಯಲಿಲ್ಲ. ಬೆಳೆಯುವ ಹುಡುಗನನ್ನು ಜರಡಿ ಮೇಡಂ ಹೊಟ್ಟೆಕಿಚ್ಚಿಗೆ ತುಳಿದರು ಎಂಬ ಮಾತು ಹಬ್ಬಿತು. ಮರುವರ್ಷದ ಸಮಿತಿಯಲ್ಲಿ ಅವರ ಹೆಸರಿರಲಿಲ್ಲ. ಹಿರಿಯರ ಗೌರವ ಶುರುವಾಯಿತು. ಮೊದಲನೆಯದನ್ನು ಅಧ್ಯಕ್ಷರೇ ತೆಗೆದುಕೊಂಡರು.

ಗುಬ್ಬಿಯ ಪ್ರಯೋಗಾಲಯ ಮುಚ್ಚುತ್ತದೆಂಬ ಸುದ್ದಿ ಬಂದಾಗ ಮೇಡಂಗೆ ಹೊಳೆದದ್ದು ಆ ಕೋಣೆಯ ಹೆಂಗಸರು. ಮೊದಲೇ ಯೋಚಿಸಬೇಕಾಗಿದ್ದದ್ದು, ಯೋಚಿಸಿರಲಿಲ್ಲ. ಗೊತ್ತಿದ್ದ ಕಡೆಯಲ್ಲೆಲ್ಲ ಹೇಳಿ ಕೆಲವರಿಗೆ ಕೆಲಸ ಕೊಡಿಸಿದರು, ಎಲ್ಲರಿಗೂ ಆಗಲಿಲ್ಲ. ನಕ್ಕವಳು ಒಂದು ದಿನ ಮಾರ್ಕೆಟ್ಟಿನಲ್ಲಿ ಎದುರಾದಳು. ಗುರುತು ಹಿಡಿದು, ನಿಂತು, “ನಿಮ್ಮಿಂದ ನಂಗೆ ಕೆಲಸ ಹೋಯ್ತು” ಎಂದು ನೇರವಾಗಿ ಹೇಳಿದಳು. ಮೇಡಂ ಹೂಂ ಎಂದರು. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, “ನಾವು ಓದಿದ್ದನ್ನ ಯಂತ್ರ ಓದ್ತು ಅಂತ ಹೇಳ್ತಿದ್ರಂತಲ್ಲ. ಅದೂ ಸರಿಯಲ್ಲ ಬಿಡಿ” ಎಂದು ಹೊರಟುಹೋದಳು. ಯಾವ ಮಾತನ್ನು ಹಿಡಿದುಕೊಳ್ಳಬೇಕೆಂದು ಮೇಡಂಗೆ ತಿಳಿಯಲಿಲ್ಲ. ಎರಡನ್ನೂ ಹೊತ್ತು ಮನೆಗೆ ಬಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಗುಬ್ಬಿಯ ಫೋನು ಬಂತು. ಸಣ್ಣ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ್ದನಂತೆ. ಪ್ರೋಗ್ರಾಮನ್ನು ಮೊದಲಿಂದ ಬರೆಯುತ್ತಿದ್ದನಂತೆ. ಕಲಿಸುವವರು ಎಂದು ಇಬ್ಬರನ್ನು ಇಟ್ಟುಕೊಂಡಿದ್ದಾನೆ, ಅವರ ಹೆಸರು ಪ್ರಬಂಧದ ಮೊದಲ ಪುಟದಲ್ಲೇ ಇರುತ್ತದೆ ಎಂದ.

“ಸರಿ, ನಂಗ್ಯಾಕೆ ಹೇಳ್ತಿದ್ದೀಯ?”

“ನೀವು ಇದನ್ನ ಪರೀಕ್ಷೆ ಮಾಡ್ತೀರಾ ಮೇಡಂ? ಶುರುವಿಂದ, ವಾರ ವಾರ?”

ಮೇಡಂ ಫೋನನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟುಕೊಂಡರು. “ಯಾಕಪ್ಪ, ನಾನೇ ಯಾಕೆ? ಊರಲ್ಲಿ ಬೇರೆ ಯಾರೂ ಇಲ್ವಾ? ಇದರಲ್ಲಿ ನಿಂಗೇನು ಲಾಭ?”

ಆ ಕಡೆ ಗುಬ್ಬಿ ನಕ್ಕ. “ನೋಡಿ, ಇದಕ್ಕೇ ನೀವು ಬೇಕು.”

ಯೋಚನೆ ಮಾಡಿ ಹೇಳುತ್ತೇನೆ ಎಂದರು ಮೇಡಂ. ಯೋಚನೆ ಮಾಡಿದರು. ಇದರಲ್ಲೂ ಏನೋ ಹುಳುಕು ಇರಬಹುದು ಎಂದು ಒಂದು ಸಲ ಅನ್ನಿಸಿತು, ಇರಲಾರದು ಎಂದು ಇನ್ನೊಂದು ಸಲ. ಮನೆಯಲ್ಲಿ ಕೂತು ಲೆಕ್ಕ ಹಾಕುವುದರಿಂದ ಏನು ಗೊತ್ತಾಗುತ್ತದೆ ಎಂದು, ಸೋಮವಾರ ಯಾರಿಗೂ ತಿಳಿಸದೆ, ಆ ಕಾಲೇಜಿನ ಕಡೆಗೆ ಹೋಗುವ ಬಸ್ಸು ಹತ್ತಿದರು.